ಲೆಕ್ಕ ಗೊತ್ತಿಲ್ಲದೆ ರಾಜಿಗೆ ಕೂರಬೇಡಿ

ಕೇಳುಗರಿಗೆ ನಮಸ್ಕಾರ.

ಅಪಘಾತದ ಪರಿಹಾರದ ಚೌಕಾಸಿ ಕೋರ್ಟಿನಲ್ಲಿ ಶುರುವಾಗುವುದಿಲ್ಲ, ಆಸ್ಪತ್ರೆ ಬಾಗಿಲಲ್ಲೇ ಶುರುವಾಗುತ್ತದೆ. ಗುದ್ದಿದ ಕಾರಿನವರು ಬರುತ್ತಾರೆ. "ಕೇಸು ಗೀಸು ಯಾಕೆ ಬಿಡಿ, ಆಸ್ಪತ್ರೆ ಖರ್ಚು ನಾವೇ ನೋಡ್ಕೋತೀವಿ" ಅನ್ನುತ್ತಾರೆ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಎರಡನೇ ಆಪರೇಷನ್ ಹೊತ್ತಿಗೆ ಅವರು ಫೋನ್ ಎತ್ತದಿದ್ದರೆ ನೀವು ಯಾರನ್ನು ಕೇಳುತ್ತೀರಿ? ಇಲ್ಲಿ ದಾಕ್ಷಿಣ್ಯಕ್ಕೆ ಜಾಗವೇ ಇಲ್ಲ. ರಸ್ತೆಗೆ ಇಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ವಿಮೆ ಚಾಲ್ತಿಯಲ್ಲಿದ್ದರೆ ಸಾಮಾನ್ಯವಾಗಿ ಹಣ ಕೊಡುವುದು ವಿಮಾ ಕಂಪನಿ, ಮಾಲೀಕರಲ್ಲ. ಕೇಸೇ ದಾಖಲಾಗದಿದ್ದರೆ ಕಂಪನಿಯನ್ನು ಕೇಳುವುದಕ್ಕೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನೊಂದು ಎಡವಟ್ಟು ಆಗುವುದು ಎಮರ್ಜೆನ್ಸಿ ವಾರ್ಡಿನಲ್ಲಿ. ಡಾಕ್ಟರು "ಹೇಗಾಯ್ತು?" ಅಂತ ಕೇಳುತ್ತಾರೆ. ಪೊಲೀಸ್ ರಗಳೆ ಬೇಡ ಅಂತ ಜೊತೆಯಲ್ಲಿದ್ದವರು "ಬೈಕ್ ಸ್ಕಿಡ್ ಆಗಿ ಬಿದ್ದ" ಅಂದುಬಿಡುತ್ತಾರೆ. ಆ ಒಂದು ಸಾಲು ಆಸ್ಪತ್ರೆ ದಾಖಲೆಗೆ ಹೋಗುತ್ತದೆ. ಮುಂದೆ ಕಂಪನಿಯ ವಕೀಲರು ಮೊದಲು ಹುಡುಕುವುದೇ ಆ ಸಾಲನ್ನು. ತಾನೇ ಬಿದ್ದವನಿಗೆ ನಾವ್ಯಾಕೆ ಕೊಡಬೇಕು ಅನ್ನುತ್ತಾರೆ. ಆದ್ದರಿಂದ ಯಾವ ಗಾಡಿ ಗುದ್ದಿತು, ಎಲ್ಲಿ, ಎಷ್ಟು ಹೊತ್ತಿಗೆ, ಎಲ್ಲವನ್ನೂ ಇದ್ದ ಹಾಗೇ ಹೇಳಿ. ಎಫ್‌ಐಆರ್ ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಆದರೂ ತಡವಾದಷ್ಟೂ ಪ್ರಶ್ನೆಗಳು ಜಾಸ್ತಿ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿ ಕೊಡಬೇಕು, 90 ದಿನದೊಳಗೆ ವಿವರವಾದ ವರದಿ ಸಲ್ಲಿಸಬೇಕು. ಅದು ಬಂದ ಮೇಲೆ ಎಷ್ಟು ಕೊಡುತ್ತೇವೆ ಅಂತ ಹೇಳುವುದಕ್ಕೆ ಕಂಪನಿಗೆ 30 ದಿನ ಇದೆ. ಒಪ್ಪುವುದು, ಬಿಡುವುದು ನಿಮಗೆ ಸೇರಿದ್ದು. ಹಾಗಂತ ಕಂಪನಿ ಕಾಗದಕ್ಕೆ ಕಾಯುತ್ತಾ ಕೂರಬೇಡಿ. ಅಪಘಾತ ಆದ ಆರು ತಿಂಗಳೊಳಗೆ ನಿಮ್ಮ ಅರ್ಜಿ ಹಾಕಬೇಕು ಅಂತ ಅದೇ ದಿನ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಹೇಳುತ್ತದೆ. ಅಪಘಾತ ಆದ ಊರಿನಲ್ಲೇ ಹಾಕಬೇಕು ಅಂತೇನಿಲ್ಲ. ಬೆಂಗಳೂರಿನಲ್ಲಿ ಪೆಟ್ಟು ತಿಂದ ರಾಯಚೂರಿನ ಕೂಲಿಕಾರ ರಾಯಚೂರಿನಲ್ಲೇ ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸು ಹಾಕಬಹುದು.

ಈಗ ಮುಖ್ಯ ವಿಷಯ. ಪೆನ್ನು ಕಾಗದ ಇದ್ದರೆ ಹತ್ತಿರ ಇಟ್ಟುಕೊಳ್ಳಿ. ಪರಿಹಾರ ಅಂದರೆ ಯಾರೋ ಅಯ್ಯೋ ಪಾಪ ಅಂತ ಕೊಡುವ ದುಡ್ಡಲ್ಲ. ಅದಕ್ಕೊಂದು ಲೆಕ್ಕ ಇದೆ.

ಟೈಲ್ಸ್ ಹಾಕುವ ಕೆಲಸಗಾರ ಒಬ್ಬನಿದ್ದಾನೆ ಅಂದುಕೊಳ್ಳಿ. ವಯಸ್ಸು 34. ತಿಂಗಳ ದುಡಿಮೆ 15 ಸಾವಿರ. ಮಂಡಿ ಹತ್ತಿರ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಕಾಲಿಗೆ ಶೇಕಡಾ 36ರಷ್ಟು ಊನ ಅಂತ ಡಾಕ್ಟರು ಬರೆದುಕೊಟ್ಟರು. ನಮ್ಮ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಇದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನ ಅಂತ ಹಿಡಿಯುತ್ತಾರೆ. ಅಂದರೆ ಶೇಕಡಾ 12. ವರ್ಷದ ದುಡಿಮೆ 1 ಲಕ್ಷ 80 ಸಾವಿರ. ಅದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35 ವರ್ಷದವರಿಗೆ ಆ ಅಂಕಿ 16. ಗುಣಿಸಿ, ಬಂದದ್ದರಲ್ಲಿ ಶೇಕಡಾ 12 ಎಷ್ಟು ಅಂತ ನೋಡಿದರೆ 3 ಲಕ್ಷ 45 ಸಾವಿರದ 600 ರೂಪಾಯಿ. ಕಂಪನಿ ಇಲ್ಲಿಗೇ ನಿಲ್ಲಿಸಲು ನೋಡುತ್ತದೆ.

ನೀವು ನಿಲ್ಲಿಸಬೇಡಿ. 2011ರಲ್ಲಿ ವರದಿಯಾದ ರಾಜ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಉದಾಹರಣೆ ಕೊಟ್ಟಿದೆ. ಎಡಗೈ ಹೋದರೆ ಬಡಗಿಗೆ ಅಥವಾ ಡ್ರೈವರಿಗೆ ದುಡಿಮೆ ಪೂರಾ ಹೋದ ಹಾಗೇ. ಸರ್ಕಾರಿ ಗುಮಾಸ್ತನಿಗೆ ಕೆಲಸ ಉಳಿಯಬಹುದು. ಅಂದರೆ ನೋಡಬೇಕಾದ್ದು ಡಾಕ್ಟರು ಬರೆದ ಶೇಕಡಾವಾರು ಒಂದನ್ನೇ ಅಲ್ಲ, ಆ ಊನದಿಂದ ಈ ಮನುಷ್ಯನ ಕಸುಬಿಗೆ ಏನಾಯಿತು ಅನ್ನೋದನ್ನ. ಟೈಲ್ಸ್ ಹಾಕುವವನು ದಿನವಿಡೀ ಕುಕ್ಕರುಗಾಲಲ್ಲೇ ಕೂರಬೇಕು ಅಲ್ವಾ? ಮಂಡಿ ಮಡಚದಿದ್ದರೆ ಅವನ ಕೆಲಸವೇ ಇಲ್ಲ. ನ್ಯಾಯಾಧೀಶರು ಇದನ್ನು ಒಪ್ಪಿ ಶೇಕಡಾ 25 ಅಂತ ಹಿಡಿದರೆ ಮೊತ್ತ 7 ಲಕ್ಷ 20 ಸಾವಿರಕ್ಕೆ ಏರುತ್ತದೆ. ಸ್ವಂತ ದುಡಿಮೆಯ, 40 ತುಂಬದವರಿಗೆ ಮುಂದೆ ಹೆಚ್ಚಬಹುದಾಗಿದ್ದ ಆದಾಯ ಅಂತ ಶೇಕಡಾ 40 ಸೇರಿಸುವ ಪದ್ಧತಿ ಇದೆ. ಶಾಶ್ವತ ಊನ ಆದವರಿಗೂ ಇದು ಸಲ್ಲಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದನ್ನೂ ಸೇರಿಸಿದರೆ 10 ಲಕ್ಷ 8 ಸಾವಿರ. ಅದೇ ಕಾಲು, ಅದೇ ಸರ್ಟಿಫಿಕೇಟು. ಇದರ ಮೇಲೆ ಆಸ್ಪತ್ರೆ ಬಿಲ್ಲು, ಮಲಗಿದ್ದಷ್ಟು ತಿಂಗಳ ದುಡಿಮೆ, ನೋವಿನ ಬಾಬತ್ತು, ಮುಂದೆ ರಾಡ್ ತೆಗೆಸುವ ಖರ್ಚು ಬೇರೆ. ಆ ಖರ್ಚು ಎಷ್ಟಾಗಬಹುದು ಅಂತ ಡಾಕ್ಟರಿಂದ ಮೊದಲೇ ಬರೆಸಿಕೊಳ್ಳಿ. ಗಾಯ ಪೂರ್ತಿ ವಾಸಿಯಾಗುವ ಮುಂಚೆ ರಾಜಿ ಮಾಡಿಕೊಂಡರೆ ಇದೆಲ್ಲ ನಿಮ್ಮ ತಲೆಗೇ ಬರುತ್ತದೆ.

ದುಡಿಮೆಗೆ ದಾಖಲೆ ಇಲ್ಲದವರು ಹೆದರಬೇಕಿಲ್ಲ. ಅಂಥವರಿಗೆ ವರ್ಷವಾರು ಇಂತಿಷ್ಟು ಅಂತ ಅಂದಾಜು ಆದಾಯದ ಪಟ್ಟಿಯೊಂದನ್ನು ನಮ್ಮ ರಾಜ್ಯದ ಲೋಕ ಅದಾಲತ್‌ಗಳಲ್ಲಿ ಬಳಸುತ್ತಾರೆ. ಆದರೂ ಮೇಸ್ತ್ರಿಯ ಸಾಕ್ಷಿ, ಬ್ಯಾಂಕ್ ಪಾಸ್‌ಬುಕ್, ಫೋನಿಗೆ ಬಂದ ಕೂಲಿಯ ಲೆಕ್ಕ ಇದ್ದರೆ ತನ್ನಿ. ಅಂದಾಜಿಗಿಂತ ಅವು ಮೇಲು.

ಇನ್ನು ಲೋಕ ಅದಾಲತ್. ಕಂಪನಿಯ ಅಧಿಕಾರಿ, ಅವರ ವಕೀಲರು, ನೀವು, ನಿಮ್ಮ ವಕೀಲರು, ನಡುವೆ ರಾಜಿ ಮಾಡಿಸುವವರು. ಸುಮ್ನೆ ಹೋಗಿ ಕೂರಬೇಡಿ. ಅಲ್ಲಿ ಬರುವ ಮಾತು "ಎಲ್ಲಾ ಸೇರಿ ಇಷ್ಟು." ಈ ಎಲ್ಲಾ ಸೇರಿ ಅನ್ನೋದರಲ್ಲಿ ಬಡ್ಡಿ ಕರಗಿಹೋಗಿರುತ್ತದೆ. ಕೋರ್ಟು ತೀರ್ಪು ಕೊಟ್ಟರೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಸೇರಿಸುವುದುಂಟು, ಶೇಕಡಾ 6 ಅಂತ ಇಟ್ಟುಕೊಳ್ಳೋಣ. ಕೇಸು ಹಾಕಿ ಮೂರು ವರ್ಷ ಆಗಿದ್ದರೆ, ಎಲ್ಲಾ ಸೇರಿ 5 ಲಕ್ಷ ಅಂದರೆ ಅಸಲು ಸುಮಾರು 4 ಲಕ್ಷ 24 ಸಾವಿರ ಮಾತ್ರ. ಒಪ್ಪಬೇಡಿ ಅಂತ ನಾನು ಹೇಳುತ್ತಿಲ್ಲ. ಅದಾಲತ್ ಆದೇಶದ ಮೇಲೆ ಅಪೀಲು ಇಲ್ಲ, ಹಾಗಾಗಿ ಕಂಪನಿಯೂ ಹೈಕೋರ್ಟಿಗೆ ಹೋಗಿ ವರ್ಷಗಟ್ಟಲೆ ಎಳೆಯುವ ಹಾಗಿಲ್ಲ. ಕೈಗೆ ಬೇಗ ಬರುವ ದುಡ್ಡಿಗೂ ಬೆಲೆ ಇದೆ. ಸಣ್ಣ ಪೆಟ್ಟು, ಸ್ಪಷ್ಟ ದಾಖಲೆ ಇದ್ದರೆ ಸ್ವಲ್ಪ ಬಿಟ್ಟುಕೊಟ್ಟು ಮುಗಿಸುವುದೇ ವಾಸಿ. ದುಡಿಮೆಯೇ ನಿಂತುಹೋಗುವಂಥ ಊನ ಆಗಿದ್ದರೆ, ನನ್ನ ಅಭಿಪ್ರಾಯದಲ್ಲಿ, ಅವಸರ ಮಾಡಬಾರದು. ಅಪೀಲು ಇಲ್ಲ ಅನ್ನೋದು ನಿಮಗೂ ಅನ್ವಯಿಸುತ್ತದೆ.

ವಕೀಲರ ಫೀಸಿನ ಬಗ್ಗೆ ಎರಡು ಮಾತು. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಮಾತಾಡಿಕೊಳ್ಳುವುದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶ ಇಲ್ಲ. ಆಸ್ಪತ್ರೆ ಹಾಸಿಗೆ ಪಕ್ಕ ನಿಂತು ಖಾಲಿ ಕಾಗದಕ್ಕೆ ಸಹಿ ಕೇಳುವವರನ್ನು ವಾಪಸು ಕಳಿಸಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಇವರಿಗೆಲ್ಲ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಪ್ರಾಧಿಕಾರದ ಕಚೇರಿ ನಿಮ್ಮ ಜಿಲ್ಲಾ ನ್ಯಾಯಾಲಯದಲ್ಲೇ ವಿಚಾರಿಸಿದರೆ ಗೊತ್ತಾಗುತ್ತದೆ. ಸಹಾಯವಾಣಿ ಸಂಖ್ಯೆ 15100. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ಐದು, ಒಂದು, ಸೊನ್ನೆ, ಸೊನ್ನೆ.

ನಮಸ್ಕಾರ.