ಸ್ಕ್ರೂ ಬಿಚ್ಚಿದ ಮೇಲೆ ತಿಳಿಯುವ ವಯಸ್ಸು

ಕೇಳುಗರಿಗೆ ನಮಸ್ಕಾರ.

ನಿಮ್ಮ ರೇಡಿಯೊದಲ್ಲಿ ದನಿ ಏರಿಸಿ ಇಳಿಸುವ ಗುಂಡಿ ಇದೆಯಲ್ಲ, ಅದನ್ನು ಒಮ್ಮೆ ಸುಮ್ನೆ ತಿರುಗಿಸಿ. ಇವತ್ತಿನ ಮಾತಿಗೂ ಆ ಗುಂಡಿಗೂ ಸಂಬಂಧ ಇದೆ. ವಿಷಯ ಮಾತ್ರ ರೇಡಿಯೊ ಅಲ್ಲ, ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್.

ಹೋದ ತಿಂಗಳು ಪಕ್ಕದ ಬೀದಿಯ ಹುಡುಗನೊಬ್ಬ ಗಿಟಾರ್ ಹೊತ್ತುಕೊಂಡು ಮನೆಗೆ ಬಂದ. "ಅಂಕಲ್, ಫೆಂಡರ್ ಸ್ಟ್ರಾಟೊಕ್ಯಾಸ್ಟರ್, 1978ರದ್ದು. ಒಂದೂವರೆ ಲಕ್ಷ ಹೇಳ್ತಿದ್ದಾರೆ. ನೋಡಿಕೊಂಡು ನಾಳೆ ಸಂಜೆಯೊಳಗೆ ಹೇಳಬೇಕಂತೆ" ಎಂದ. ಸೈಟು ಮಾರುವವರಿಂದ ಹಿಡಿದು ಎಲ್ಲರೂ ಹೇಳುವುದು ಇದೇ 'ನಾಳೆ ಸಂಜೆ'. ಇರಲಿ. "1978 ಅಂತ ಹೇಗೆ ಗೊತ್ತು?" ಅಂತ ಕೇಳಿದೆ. ಗಿಟಾರ್‌ನ ತಲೆಯ ಮೇಲೆ, ಅಂದರೆ ತಂತಿ ಬಿಗಿ ಮಾಡುವ ತುದಿಯ ಮೇಲೆ, ಇದ್ದ ನಂಬರ್ ತೋರಿಸಿದ. ಎಸ್ ಅಕ್ಷರ, ಪಕ್ಕದಲ್ಲಿ 8, ಆಮೇಲೆ ಐದು ಅಂಕಿ.

ಹುಡುಗ ಓದಿಕೊಂಡೇ ಬಂದಿದ್ದ. ಫೆಂಡರ್ ಅಮೆರಿಕದ ಗಿಟಾರ್ ಕಂಪನಿ, ಸ್ಟ್ರಾಟೊಕ್ಯಾಸ್ಟರ್ ಅವರ ಒಂದು ಮಾಡೆಲ್. 1976ರ ಕೊನೆಯ ಹೊತ್ತಿಗೆ ಅವರು ನಂಬರನ್ನು ತಲೆಯ ಮೇಲೆ ಹಾಕಲು ಶುರು ಮಾಡಿದರು. ಎಸ್ ಅಂದರೆ ಎಪ್ಪತ್ತರ ದಶಕ, ಇ ಅಂದರೆ ಎಂಬತ್ತು, ಎನ್ ಅಂದರೆ ತೊಂಬತ್ತು. ಪಕ್ಕದ ಅಂಕಿ ಆ ದಶಕದ ವರ್ಷ. ಒಂದೆರಡು ವರ್ಷ ಆಚೀಚೆ ಆಗಬಹುದು, ಅಷ್ಟೇ. ಹಾಗಾಗಿ ಎಸ್ 8 ಅಂದರೆ 1978. ಲೆಕ್ಕ ಸರಿ. ಆದರೆ ಗಿಟಾರ್ ಸರಿ ಇರಲಿಲ್ಲ.

ತಲೆ ಚಿಕ್ಕದಾಗಿತ್ತು. 1965ರ ಕೊನೆಯಿಂದ 1981ರವರೆಗೆ ಸ್ಟ್ರಾಟೊಕ್ಯಾಸ್ಟರ್‌ಗಳಿಗೆ ದೊಡ್ಡ ತಲೆ. ಅದಕ್ಕೆ ಮೊದಲಿನವಕ್ಕೆ ಚಿಕ್ಕದು, ಆಮೇಲೆ ಮತ್ತೆ ಚಿಕ್ಕದಾಯಿತು. ಇನ್ನು ನೆಕ್ಕನ್ನು, ಅಂದರೆ ಗಿಟಾರ್‌ನ ಉದ್ದನೆಯ ಕತ್ತನ್ನು, ಒಡಲಿಗೆ ಕೂಡಿಸುವ ಸ್ಕ್ರೂಗಳು. ಎಪ್ಪತ್ತರ ದಶಕದ ಬಹುಪಾಲು ಸ್ಟ್ರಾಟೊಕ್ಯಾಸ್ಟರ್‌ಗಳಿಗೆ, ಚುಟುಕಾಗಿ ಸ್ಟ್ರಾಟ್‌ಗಳಿಗೆ, ಮೂರು ಇರುತ್ತವೆ. ಇದಕ್ಕೆ ನಾಲ್ಕು ಇತ್ತು. "ಒಳಗೆ ನೋಡೋಣ, ಸ್ಕ್ರೂ ಡ್ರೈವರ್ ತಗೊಂಡು ಬಾ" ಅಂದೆ. ಹುಡುಗನ ಮುಖ ಸಣ್ಣಗಾಯಿತು.

ಅವನು ಬರುವಷ್ಟರಲ್ಲಿ ನಂಬರಿನ ಬಗ್ಗೆ ಒಂದು ಕಥೆ ಹೇಳಿಬಿಡುತ್ತೇನೆ. ಸ್ಟ್ರಾಟೊಕ್ಯಾಸ್ಟರ್ ಮಾರುಕಟ್ಟೆಗೆ ಬಂದದ್ದು 1954ರಲ್ಲಿ. 0001 ಅನ್ನುವ ನಂಬರಿನ ಸ್ಟ್ರಾಟ್ ಒಂದಿದೆ. ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಹತ್ತಿರ ಇತ್ತು. 2019ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 18 ಲಕ್ಷ ಡಾಲರ್ ದಾಟಿ ಹೋಯಿತು. ತಮಾಷೆ ಏನೆಂದರೆ, ಅದು ಮೊದಲು ತಯಾರಾದ ಸ್ಟ್ರಾಟ್ ಅಲ್ಲ! ಆ ಕಾಲದಲ್ಲಿ ನಂಬರ್ ಇರುತ್ತಿದ್ದದ್ದು ಒಂದು ಲೋಹದ ತಗಡಿನ ಮೇಲೆ. ಕೆಲಸಗಾರರು ಡಬ್ಬಿಗೆ ಕೈ ಹಾಕುತ್ತಿದ್ದರು, ಸಿಕ್ಕಿದ ತಗಡನ್ನು ಕೂರಿಸುತ್ತಿದ್ದರು. ಆ ತಗಡನ್ನು ಬಿಚ್ಚಿ ಇನ್ನೊಂದು ಗಿಟಾರ್‌ಗೆ ಹಾಕಲು ನಾಲ್ಕು ನಿಮಿಷ ಸಾಕು. ನಂಬರ್ ಸಾಕ್ಷಿ ಹೌದು, ಆದರೆ ಒಂಟಿ ಸಾಕ್ಷಿ.

ಸರಿ, ರೇಡಿಯೊ ಗುಂಡಿಗೆ ಬರೋಣ. ಫೆಂಡರ್ ಕಂಪನಿ ಕಟ್ಟಿದ ಲಿಯೊ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್ ಊರಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟವರು ಅವರು. ರೇಡಿಯೊದ ಗುಂಡಿಯ ಅಡಿ ಇರುವ ಬಿಡಿಭಾಗವೇ ಗಿಟಾರ್‌ನ ಗುಂಡಿಯ ಅಡಿಯಲ್ಲೂ ಇದೆ. ಪಾಟ್ ಅನ್ನುತ್ತೇವೆ. ಅಮೆರಿಕದಲ್ಲಿ ತಯಾರಾದ ಪಾಟ್‌ಗಳ ಮೇಲೆ ಅಂಕಿಗಳ ಒಂದು ಸಾಲು ಅಚ್ಚಾಗಿರುತ್ತದೆ. ಉದಾಹರಣೆಗೆ 1376632. ಮೊದಲ ಮೂರು, 137, ಸಿಟಿಎಸ್ ಕಂಪನಿಯ ಗುರುತು. 304 ಇದ್ದರೆ ಸ್ಟ್ಯಾಕ್‌ಪೋಲ್. ಮುಂದಿನ 66 ಅಂದರೆ 1966. ಕೊನೆಯ 32 ಅಂದರೆ ಆ ವರ್ಷದ 32ನೇ ವಾರ, ಆಗಸ್ಟ್ ತಿಂಗಳು. ವಾರದ ಲೆಕ್ಕ ಕೂಡ ಸಿಗುತ್ತದೆ ನೋಡಿ. ಆದರೆ ಇದು ಪಾಟ್ ಹುಟ್ಟಿದ ವಾರ, ಗಿಟಾರ್ ಹುಟ್ಟಿದ ವಾರ ಅಲ್ಲ. ಫೆಂಡರ್‌ನವರು 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡಿಟ್ಟುಕೊಂಡು ವರ್ಷಗಟ್ಟಲೆ ಬಳಸಿದರು. ಹಾಗಾಗಿ ಪಾಟ್ ಹೇಳುವುದು ಒಂದೇ ಮಾತು: ಗಿಟಾರ್ ಇದಕ್ಕಿಂತ ಹಳೆಯದಲ್ಲ. ಅದೂ ತಂತಿಯ ಬೆಸುಗೆಯನ್ನು ಯಾರೂ ಮುಟ್ಟಿಲ್ಲ ಅಂತ ಖಾತ್ರಿಯಾದರೆ.

ನೆಕ್ ಬಿಚ್ಚಿದರೆ ಅದರ ಬುಡದಲ್ಲಿ ತಾರೀಖು ಇರಬಹುದು. ಮೊದಲು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, 1962ರಿಂದ ರಬ್ಬರ್ ಸ್ಟಾಂಪ್ ಒತ್ತಿದರು. ಬೆರಳು ಓಡಾಡುವ ಪಟ್ಟಿಯ ಮರವೂ ಮಾತಾಡುತ್ತದೆ. ಅದು ರೋಸ್‌ವುಡ್ ಆಗಿದ್ದರೆ, ಅರವತ್ತರ ದಶಕದ ನಡುವಿನವರೆಗೆ ಸಾಮಾನ್ಯವಾಗಿ ಬ್ರೆಜಿಲ್ ದೇಶದ ರೋಸ್‌ವುಡ್. ಆಮೇಲೆ ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ಬೀಟೆ! ಮಲೆನಾಡು, ಕೊಡಗಿನವರು ಮಂಚ, ತೊಟ್ಟಿಲು ಮಾಡಿಸಿಕೊಂಡ ಅದೇ ಜಾತಿಯ ಮರ. ಗಿಟಾರ್ ಸಂಗ್ರಹಿಸುವವರಿಗೆ ಬ್ರೆಜಿಲ್ ಮರದ ಮೇಲೇ ಪ್ರೀತಿ ಜಾಸ್ತಿ. 1992ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿನ ತಡೆ ಇದೆ, ಸಿಗುವುದು ಕಷ್ಟ. ನನ್ನ ಕಿವಿಗಂತೂ ಬೀಟೆಯಲ್ಲಿ ಯಾವ ಕೊರತೆಯೂ ಕೇಳಿಸಿಲ್ಲ.

ಅಮೆರಿಕದ ಇನ್ನೊಂದು ಕಂಪನಿ ಗಿಬ್ಸನ್, ಅದರ ಗಿಟಾರ್‌ನ ಲೆಕ್ಕ ಬೇರೆ. ಪೆನ್ನು ಇದ್ದರೆ ಬರೆದುಕೊಳ್ಳಿ. 1977ರಿಂದ 2005ರವರೆಗಿನ ಹೆಚ್ಚಿನ ಗಿಬ್ಸನ್‌ಗಳಿಗೆ ಎಂಟು ಅಂಕಿ. ಮೊದಲನೆಯದೂ ಐದನೆಯದೂ ಸೇರಿದರೆ ವರ್ಷ. ನಡುವಿನ ಮೂರು ಅಂಕಿ ಆ ವರ್ಷದ ಎಷ್ಟನೇ ದಿನ ಅನ್ನುವುದು. 82765501 ಅಂತ ಇದ್ದರೆ 1985ರ 276ನೇ ದಿನ, ಅಂದರೆ ಅಕ್ಟೋಬರ್ 3.

ಬೆಲೆಯ ವಿಷಯ ಇಷ್ಟು ಸುಲಭ ಅಲ್ಲ. 1965ರ ಜನವರಿಯಲ್ಲಿ ಲಿಯೊ ಫೆಂಡರ್ ತಮ್ಮ ಕಂಪನಿಯನ್ನು ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್‌ಗೆ 1 ಕೋಟಿ 30 ಲಕ್ಷ ಡಾಲರ್‌ಗೆ ಮಾರಿದರು. ಅದಕ್ಕೆ ಮೊದಲಿನ ಗಿಟಾರ್‌ಗೆ ಒಂದು ಬೆಲೆ, ಆಮೇಲಿನದಕ್ಕೆ ಇನ್ನೊಂದು. ಹಳೇ ಗಿಟಾರ್‌ಗೆ ಹೊಸದಾಗಿ ಬಣ್ಣ ಹೊಡೆಸಿದರೆ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ನಮ್ಮಲ್ಲಿ ಮಾರುವ ಮೊದಲು ಸ್ಕೂಟರ್‌ಗೆ ಪೇಂಟ್ ಹೊಡೆಸುತ್ತಾರಲ್ವಾ, ಇಲ್ಲಿ ಹಾಗೆ ಮಾಡಿದರೆ ಕೆಟ್ಟಿರಿ. ಬಣ್ಣ ಸವೆದಿದೆ ಅಂದ ಮಾತ್ರಕ್ಕೆ ಹಳೆಯದು ಅಂತಲೂ ಅಲ್ಲ. ತೊಂಬತ್ತರ ದಶಕದಿಂದ ಕಂಪನಿಯವರೇ ಹೊಸ ಗಿಟಾರ್‌ಗಳನ್ನು ಉಜ್ಜಿ, ಕೆರೆದು, ಹಳೆಯದರಂತೆ ಮಾಡಿ ಜಾಸ್ತಿ ದುಡ್ಡಿಗೆ ಮಾರುತ್ತಿದ್ದಾರೆ.

ಈ ಲೆಕ್ಕವನ್ನೆಲ್ಲ ಅಳಿಸಿಹಾಕುವುದು ಒಂದೇ, ಗಿಟಾರ್ ಯಾರ ಕೈಯಲ್ಲಿತ್ತು ಅನ್ನುವುದು. ಗಿಲ್ಮೋರ್ ಅವರ ಕಪ್ಪು ಸ್ಟ್ರಾಟ್ 1970ರಲ್ಲಿ ಕೊಂಡದ್ದು. ಅದರ ನೆಕ್ ಎಷ್ಟೋ ಸಲ ಬದಲಾಯಿತು, ತಂತಿಯ ಕಂಪನ ಹಿಡಿಯುವ ಪಿಕಪ್ ಬದಲಾಯಿತು, ಒಡಲಿಗೆ ತೂತು ಕೊರೆದು ಮತ್ತೆ ಮುಚ್ಚಿದರು. ಅದೇ 2019ರ ಹರಾಜಿನಲ್ಲಿ ಹೋದದ್ದು 39 ಲಕ್ಷ 75 ಸಾವಿರ ಡಾಲರ್‌ಗೆ.

ನಮ್ಮ ಹುಡುಗನ ಗಿಟಾರ್ ಅಂಥವರ ಕೈಯಲ್ಲೇನೂ ಇರಲಿಲ್ಲ. ತಂತಿ ಸಡಿಲ ಮಾಡಿ ನೆಕ್ ಬಿಚ್ಚಿದೆವು. ಬುಡದಲ್ಲಿ ತಾರೀಖಿಲ್ಲ. ಮುಂದಿನ ಪ್ಲಾಸ್ಟಿಕ್ ಫಲಕ ಎತ್ತಿದೆವು. ಪಾಟ್‌ಗಳು ರೂಪಾಯಿ ನಾಣ್ಯಕ್ಕಿಂತ ಚಿಕ್ಕವು, ಮೇಲೆ ಅಂಕಿಯ ಸಾಲೇ ಇಲ್ಲ. ಏಷ್ಯಾದಲ್ಲಿ ತಯಾರಾಗುವ ಕಡಿಮೆ ಬೆಲೆಯ ಗಿಟಾರ್‌ಗಳಿಗೆ ಹಾಕುವಂಥವು. ತಲೆಯ ಮೇಲಿನ ಹೆಸರಿನ ಅಂಚಿಗೆ ಉಗುರು ತಾಗಿಸಿದರೆ ಸ್ಟಿಕ್ಕರ್ ಏಳುತ್ತಿತ್ತು. ಏನೂ ಹಾಳಾಗದಂತೆ ಎಲ್ಲ ಮತ್ತೆ ಜೋಡಿಸಿದೆವು.

ಹುಡುಗ ಮಾರುವವರಿಗೆ ಅಲ್ಲಿಂದಲೇ ಫೋನ್ ಮಾಡಿದ. ಹದಿನೈದು ಸಾವಿರ ಕೊಡ್ತೀನಿ ಅಂದ. ಆ ಕಡೆಯವರು ಏನಂದರೋ ನನಗೆ ಕೇಳಿಸಲಿಲ್ಲ. ಫೋನ್ ಇಟ್ಟು, "ಹದಿನೆಂಟಕ್ಕೆ ಬಂದಿದ್ದಾರೆ ಅಂಕಲ್. ನಾಳೆ ಸಂಜೆಯೊಳಗೆ ಹೇಳಬೇಕಂತೆ" ಎಂದ.

ನಮಸ್ಕಾರ.