ಎಲೆ ಉದುರಿದ ಮೇಲೆ ಶುಗರ್ ಮೇಪಲ್: ಗುರುತು ಹಿಡಿಯೋದು, ರಸ ಇಳಿಸೋದು

ಅಮೆರಿಕದ ವರ್ಮಾಂಟ್‌ನಲ್ಲಿ ಈಗ ಮಾರ್ಚ್ ಶುರು. ಸಿಹಿ ರಸ ಕುದಿಸಿ ಸಿರಪ್ ಮಾಡೋ ಶುಗರ್ ಮೇಪಲ್ ಮರದಲ್ಲಿ ಒಂದೂ ಎಲೆ ಇಲ್ಲ, ಆದರೆ ರಸ ಇಳಿಸೋ ಕಾಲ ಇದೇ. ಎಲೆ ಇದ್ದಾಗ ಗುರುತು ಸುಲಭ: ಸಾಮಾನ್ಯವಾಗಿ ಐದು ಸೀಳು, ಸೀಳುಗಳ ನಡುವಿನ ಕಚ್ಚು ದುಂಡಗೆ, ಅಂಚಿನಲ್ಲಿ ಸಣ್ಣ ಹಲ್ಲುಗಳಿಲ್ಲ. ಹಲ್ಲುಹಲ್ಲಾಗಿದ್ದರೆ ರೆಡ್ ಮೇಪಲ್. ತೊಟ್ಟು ಮುರಿದಾಗ ಬಿಳಿ ಸೊನೆ ಬಂದರೆ ನಾರ್ವೆ ಮೇಪಲ್.

ಈಗ ನೋಡಬೇಕಾದ್ದು ಕೊಂಬೆಯ ತುದಿ. ಮೊಗ್ಗುಗಳು ಎದುರುಬದುರು, ತುದಿಯದ್ದು ಕಂದು, ಚೂಪು. ರೆಡ್ ಮೇಪಲ್ ಮೊಗ್ಗು ಕೆಂಪು, ಮೊಂಡು. ಅದರ ರಸವೂ ನಡೆಯುತ್ತೆ, ಆದರೆ ಸಿಹಿ ಸಾಮಾನ್ಯವಾಗಿ ಕಡಿಮೆ, ಚಿಗುರೋದೂ ಬೇಗ. ತೊಗಟೆಯನ್ನಷ್ಟೇ ನಂಬಬೇಡಿ, ವಯಸ್ಸಾದಂತೆ ಅದರ ರೂಪವೇ ಬದಲಾಗುತ್ತೆ.

ಕಾಂಡ ಎದೆಮಟ್ಟದಲ್ಲಿ 30 ಸೆಂ.ಮೀ. ದಪ್ಪ ಇರಲಿ. 8 ಮಿ.ಮೀ. ಡ್ರಿಲ್ ಬಿಟ್‌ನಿಂದ 4 ಸೆಂ.ಮೀ. ಆಳ ಕೊರೆಯಿರಿ, ರಸ ಹೊರಕ್ಕೆ ಜಾರುವಂತೆ ಸ್ವಲ್ಪ ಮೇಲ್ಮುಖವಾಗಿ. ಬರೋ ಪುಡಿ ಕೆನೆಬಣ್ಣದ್ದಾಗಿರಬೇಕು. ಕಂದು ಪುಡಿ ಬಂದರೆ ಅದು ಸತ್ತ ಭಾಗ, ಬೇರೆ ಜಾಗ ಹುಡುಕಿ. ರಸ ಇಳಿಯೋ ನಳಿಕೆಯನ್ನು ತೂತಿಗೆ ಮೆಲ್ಲಗೆ ತಟ್ಟಿ ಕೂರಿಸಿ. ಜೋರಾಗಿ ಹೊಡೆದರೆ ಮರ ಸೀಳಿ ರಸ ಪಕ್ಕದಲ್ಲಿ ಸೋರುತ್ತೆ.

ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು 4–5 ಡಿಗ್ರಿ: ಇಂಥ ದಿನ ಬೇಕು. ಹೆಪ್ಪುಗಟ್ಟುವಾಗ ಮರ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತೆ, ಕರಗಿದಾಗ ಒಳಗಿನ ಒತ್ತಡ ರಸವನ್ನು ಹೊರಗೆ ತಳ್ಳುತ್ತೆ. ರಾತ್ರಿ ಹಿಮಗಟ್ಟೋದು ನಿಂತರೆ ಹರಿವೂ ನಿಲ್ಲುತ್ತೆ.

ರಸದಲ್ಲಿ ಸಕ್ಕರೆ ಸುಮಾರು 2% ಅಷ್ಟೇ. ಒಂದು ಲೀಟರ್ ಸಿರಪ್‌ಗೆ 40 ಲೀಟರ್ ಕುದಿಸಬೇಕು, ಅದೂ ಹೊರಗಡೆ. ಅಡುಗೆಮನೆಯಲ್ಲಿ ಕುದಿಸಿದರೆ ಅಷ್ಟೂ ಆವಿ ಗೋಡೆ ಪಾಲು. ರಸ ಕೂಡಿಟ್ಟರೆ ಹಾಲಿನ ಹಾಗೇ ಕೆಡುತ್ತೆ. ನಿಮ್ಮೂರಲ್ಲಿ ನೀರು ಕುದಿಯೋ ಬಿಂದುವಿಗಿಂತ 4 ಡಿಗ್ರಿ ಮೇಲೆ ಬಂದಾಗ ಇಳಿಸಿ. ಕಜ್ಜಾಯದ ಪಾಕದಂತೆ ಎಳೆ ಬರಲಿ ಅಂತ ಕಾದರೆ ಬಾಟಲಿಯ ತಳದಲ್ಲಿ ಹರಳುಗಟ್ಟುತ್ತೆ. ಬೇಗ ಇಳಿಸಿದರೆ ಬೂಸಲು. ಬಿಸಿ ಇರುವಾಗಲೇ ದಪ್ಪ ಉಣ್ಣೆ ಬಟ್ಟೆಯಲ್ಲಿ ಸೋಸಿ, ಖನಿಜದ ಮಡ್ಡಿ ನಿಲ್ಲುತ್ತೆ.

ಮೊಗ್ಗು ಉಬ್ಬಿದ ಮೇಲೆ ಸಿರಪ್‌ಗೆ ಕೆಟ್ಟ ವಾಸನೆ ಬರುತ್ತೆ, ನಳಿಕೆ ಕೀಳಿ. ತೂತಿಗೆ ಬೆಣೆ ಬೇಡ, ಮರ ತಾನೇ ಮುಚ್ಚಿಕೊಳ್ಳುತ್ತೆ. ಆದರೆ ತೂತಿನ ಮೇಲೂ ಕೆಳಗೂ ಒಂದು ಪಟ್ಟೆ ಮರ ಒಳಗೇ ಒಣಗುತ್ತೆ, ಅಲ್ಲಿ ಮತ್ತೆ ರಸ ಸಿಗಲ್ಲ. ಮುಂದಿನ ವರ್ಷ ಅದರ ನೇರಕ್ಕೆ ಕೊರೆಯದೆ, ಪಕ್ಕಕ್ಕೆ ಸರಿದು, ಒಂದು ಗೇಣು ಮೇಲೋ ಕೆಳಗೋ ಕೊರೆಯಿರಿ.