ದೋಟಿ ಮತ್ತು ‘ಎನೇಬಲ್’

[ದೃಶ್ಯ: ಶಿರಸಿ ಕಡೆಯ ಅಡಿಕೆ ತೋಟ. ದೋಟಿಯ ತುದಿ ಮೆಲ್ಲಗೆ ಕೊನೆಯತ್ತ, ಅಂದರೆ ಅಡಿಕೆ ಗೊಂಚಲಿನತ್ತ, ಏರುತ್ತಿದೆ.]

ನಮಸ್ಕಾರ. ನೋಡಿ, ಇವರು ಮರ ಹತ್ತಿಲ್ಲ, ನೆಲದ ಮೇಲೇ ನಿಂತಿದ್ದಾರೆ. ಕೈಯಲ್ಲಿರೋದು ಕಾರ್ಬನ್ ಫೈಬರ್ ದೋಟಿ. ಒಂದರೊಳಗೊಂದು ಸೇರಿಕೊಂಡ ಕೊಳವೆಗಳು, ಎಳೆದಂತೆ ಉದ್ದವಾಗುತ್ತೆ, ತುದಿಗೆ ಕತ್ತಿ. ಮೊದಲಾದರೆ ಮರ ಹತ್ತಿ ಕೊನೆ ಕೊಯ್ಯೋ ಕೊನೆಗೌಡ ಬರೋ ತನಕ ಕಾಯಬೇಕಿತ್ತು. ಈಗ ಮರ ಹತ್ತಲು ಬಾರದವರೂ ಕೊನೆ ಇಳಿಸ್ತಾರೆ.

ಇಂಗ್ಲಿಷಿನ ‘ಎನೇಬಲ್’ ಅಂದರೆ ಇದೇ. ದೋಟಿ ತಾನಾಗಿ ಕೊಯ್ಯಲ್ಲ, ಹಿಡಿದವರಿಗೆ ಕೊಯ್ಯಲು ಆಗೋ ಹಾಗೆ ಮಾಡುತ್ತೆ.

‘ಅಲೌ’ ಬೇರೆ. ತೋಟದ ಯಜಮಾನರು “ಆಯ್ತು, ಕೊಯ್ಯಿ” ಅಂದರೆ ಅದು ಅಲೌ, ಅಪ್ಪಣೆ. ಅಪ್ಪಣೆ ಇದೆ, ದೋಟಿ ಇಲ್ಲ ಅಂದರೆ? ಕತ್ತೆತ್ತಿ ಕೊನೆ ನೋಡ್ತಾ ನಿಲ್ಲೋದೇ. ಇಂಗ್ಲಿಷಿನವರೂ ಕೆಲವೊಮ್ಮೆ ಎರಡನ್ನೂ ಬೆರೆಸ್ತಾರೆ ಬಿಡಿ.

[ಪರದೆ: ಮೊಬೈಲಿನ ಸೆಟ್ಟಿಂಗ್ಸ್]

ಫೋನಿನಲ್ಲಿ ‘ಬ್ಲೂಟೂತ್ ಸಕ್ರಿಯಗೊಳಿಸಿ’ ಅಂತಿರುತ್ತೆ. ಅಲ್ಲಿ ಸರಿ, ಸ್ವಿಚ್ ಹಾಕು ಅಂತಷ್ಟೇ ಅರ್ಥ. ಆದರೆ ‘ದೋಟಿ ರೈತರನ್ನು ಸಕ್ರಿಯಗೊಳಿಸಿತು’ ಅಂತ ಬರೆದರೆ, ರೈತರು ಅಲ್ಲಿವರೆಗೆ ಮಲಗಿದ್ದರಾ? ಅಲ್ಲಿಗೆ ‘ಆಗುವಂತೆ ಮಾಡಿತು’, ‘ಸಾಧ್ಯವಾಗಿಸಿತು’ ಸಾಕು. ಪತ್ರಿಕೆಯವರ ‘ಅನುವು ಮಾಡಿಕೊಟ್ಟಿತು’ ಕೂಡ ಚೆನ್ನಾಗಿದೆ.

[ಪರದೆ: ದಿ ಬ್ರಿಡ್ಜ್ ಎನೇಬಲ್ಸ್ ಟ್ರೇನ್ಸ್ ಟು ಕ್ರಾಸ್ ದಿ ಶರಾವತಿ]

ಇದು ಹೊನ್ನಾವರದ ರೈಲು ಸೇತುವೆ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು, 2 ಕಿಲೋಮೀಟರಿಗೂ ಜಾಸ್ತಿ. ಈ ವಾಕ್ಯದಲ್ಲಿ ‘ಟ್ರೇನ್ಸ್’ ಬಿಟ್ಟು ‘ಎನೇಬಲ್ಸ್ ಟು ಕ್ರಾಸ್’ ಅಂದರೆ ತಪ್ಪು. ಕನ್ನಡದಲ್ಲಿ ‘ದಾಟಲು ಅನುವು ಮಾಡಿಕೊಟ್ಟಿತು’ ಅಂತ ಯಾರಿಗೆ ಅನ್ನೋದನ್ನ ನುಂಗಿಬಿಡಬಹುದು. ಆ ರೂಢಿಯೇ ನಮ್ಮನ್ನ ಇಂಗ್ಲಿಷಿನಲ್ಲಿ ಎಡವಿಸೋದು. ಎನೇಬಲ್ ಆದ ತಕ್ಷಣ ಯಾರನ್ನ ಅಥವಾ ಯಾವುದನ್ನ ಅಂತ ಬರಬೇಕು, ‘ಟು’ ಆಮೇಲೆ.

ರಜೆ ಅರ್ಜಿಯಲ್ಲಿ ‘ಐ ಆ್ಯಮ್ ಎನೇಬಲ್ ಟು ಕಮ್’ ಅಂತ ಬರೆಯೋರಿದ್ದಾರೆ. ಅವರಿಗೆ ಬೇಕಾದದ್ದು ‘ಅನೇಬಲ್’, ಅಂದರೆ ಆಗಲ್ಲ ಅಂತ.

ಈ ಪದಕ್ಕೆ ಒಂದು ಕಹಿ ಬಳಕೆಯೂ ಇದೆ, ನನಗೆ ಎಲ್ಲಕ್ಕಿಂತ ಕುತೂಹಲದ್ದು. ಮಗ ಕುಡಿದು ಕೆಲಸ ತಪ್ಪಿಸ್ತಾನೆ. ತಾಯಿ ಮಾಲೀಕರಿಗೆ ಫೋನ್ ಮಾಡಿ “ಅವನಿಗೆ ಜ್ವರ” ಅಂತಾಳೆ. ಅವಳು ಕುಡಿಸಲಿಲ್ಲ, ಕುಡಿ ಅನ್ನಲೂ ಇಲ್ಲ. ಆದರೂ ಕುಡಿತ ಮುಂದುವರಿಯೋಕೆ ದಾರಿಯಾಯ್ತು. ವ್ಯಸನದ ಚಿಕಿತ್ಸೆಯ ಮಾತಿನಲ್ಲಿ ಇಂಥವರು ‘ಎನೇಬ್ಲರ್’. ಇಲ್ಲಿ ‘ಅನುವು’ ಹೊಂದಲ್ಲ. ‘ಕುಮ್ಮಕ್ಕು’ ಅಂದರೆ ಪಾಪ, ತಾಯಿಗೆ ಅನ್ಯಾಯ. ಮನೆಗಳಲ್ಲಿ “ಸಲಿಗೆ ಕೊಟ್ಟು ಹಾಳು ಮಾಡಿದ್ಳು” ಅಂತಾರಲ್ಲ, ಅದೇ ಹತ್ತಿರ.